ಬಾರಕೂರಿನ ಸೆಟ್ಟಿ ಮರಳಿ ಬರಲಿಲ್ಲ

ತೊಂಬತ್ತರ ದಶಕದ ಕೊನೆಗೆ ನನ್ನ ಐತಿಹಾಸಿಕ ಕಾದಂಬರಿಯ ಮೊದಲ ಭಾಗ ಬಂದಾಗ ಓದುಗರು ಹಾಡಿ ಹೊಗಳಿದ್ದರು. ವಿಜಯನಗರದ ಕಾಲ. ಬಾರಕೂರಿನ ಸೆಟ್ಟಿಯೊಬ್ಬ ಹಡಗಿಗೆ ಅಕ್ಕಿ ಹೇರಿಕೊಂಡು ಅರಬರ ನಾಡಿಗೆ ಹೊರಡುತ್ತಾನೆ, ಹೆಂಡತಿ ದಡದಲ್ಲಿ ನಿಲ್ಲುತ್ತಾಳೆ. ಅಲ್ಲಿಗೆ ಮೊದಲ ಭಾಗ ಮುಗಿಯುತ್ತದೆ. ನಾಲ್ಕಾರು ವರ್ಷ ಎಳೆದಾಡಿ ಎರಡನೆಯದನ್ನು ಬರೆದೆ. ಅದು ಮೊದಲನೆಯದರ ಎರಡರಷ್ಟು ದಪ್ಪವಾಯಿತು, ಸೆಟ್ಟಿ ಮಾತ್ರ ಮರಳಲಿಲ್ಲ. ಹಡಗು ಏನಾಯಿತೆಂದು ಕೊನೆಯವರೆಗೂ ಯಾರಿಗೂ ತಿಳಿಯುವುದಿಲ್ಲ. ಕಥೆ ಹೀಗೆಯೇ ಎಂದು ಶುರುವಿನಿಂದಲೂ ನನ್ನ ಮನಸ್ಸಿನಲ್ಲಿತ್ತು.

ಅಬ್ಬಬ್ಬಾ, ಆಮೇಲೆ ಪೇಟೆಯಲ್ಲಿ ತಲೆಯೆತ್ತಿ ನಡೆಯುವುದೇ ಕಷ್ಟವಾಯಿತು! ಕಲ್ಯಾಣಪುರದ ನಿವೃತ್ತ ಮಾಸ್ಟ್ರೊಬ್ಬರು ಬಸ್ಸಿನಲ್ಲಿ ನನ್ನನ್ನು ಹಿಡಿದು, "ಪೆನ್ನು ನಿಮ್ಮ ಕೈಯಲ್ಲೇ ಉಂಟಲ್ವಾ? ಅವನನ್ನು ಊರಿಗೆ ಕರೆತರಲಿಕ್ಕೆ ಎಂತ ಕಷ್ಟ?" ಎಂದು ಎಲ್ಲರಿಗೂ ಕೇಳುವಂತೆ ಗದರಿದರು. ಮಣಿಪಾಲದ ಬ್ಯಾಂಕಿನವರೊಬ್ಬರಿಗೆ ಪುಸ್ತಕದಲ್ಲಿ ಯುದ್ಧ ಜಾಸ್ತಿಯಾಗಿತ್ತು. ಕಾಪುವಿನ ನನ್ನ ಅತ್ತೆಗೆ ಮಲಗಿ ಓದುವ ಅಭ್ಯಾಸ. "ಎದೆ ಮೇಲೆ ಇಟ್ಟರೆ ಉಸಿರು ಕಟ್ಟುತ್ತದೆ ಮಾರಾಯ್ರೆ" ಎಂಬುದೇ ಅವರ ವಿಮರ್ಶೆ.

ಉಡುಪಿಯ ಬಾಡಿಗೆ ಪುಸ್ತಕದಂಗಡಿಯಲ್ಲಿ ಓದಿ ಮುಗಿಸಿದವರು ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಎರಡು ಮಾತು ಗೀಚಿ ಹಿಂದಿರುಗಿಸುವುದು ಕ್ರಮ. ಹೊಸಬರು ಮೊದಲು ನೋಡುವುದು ಅದನ್ನೇ. ಒಂದು ದಿನ ಕದ್ದು ನನ್ನದನ್ನು ತೆರೆದೆ. 'ಸೆಟ್ಟಿ ಬರುವುದಿಲ್ಲ, ಕಾಯಬೇಡಿ' ಎಂದು ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರು. ಕೆಳಗೆ ಇನ್ನೊಬ್ಬರು, 'ಲೇಖಕರಿಗೆ ಕರುಣೆ ಇಲ್ಲ.' ನನಗೆ ಮೈಯೆಲ್ಲ ಉರಿಯಿತು. ಕಡಲಿಗೆ ಹೋದವರೆಲ್ಲ ಮರಳಿದ್ದಾರೇನು ಎಂದು ಜಗಳ ತೆಗೆಯಬೇಕೆನ್ನಿಸಿತು. ಯಾರೊಂದಿಗೆ ತೆಗೆಯಲಿ? ಪುಸ್ತಕ ಮುಚ್ಚಿಟ್ಟು ಮನೆಗೆ ಬಂದೆ.

ಇವರೆಲ್ಲರ ಮಾತು ಹಾಗಿರಲಿ, ನನಗೆ ಬೇಕಿದ್ದದ್ದು ಕುಕ್ಕುಂದೂರಿನ ಅಕ್ಕನ ಮಾತು. ನನ್ನ ಯಾವ ಪುಸ್ತಕ ಅಚ್ಚಾಗಿ ಬಂದರೂ ಮೊದಲು ಓದುವವಳು ಅವಳು. ಈ ಪುಸ್ತಕವನ್ನು ಮಾತ್ರ ಅವಳ ಕೈಗಿಡಲು ಧೈರ್ಯವಾಗಲಿಲ್ಲ. ಅದು ಅಚ್ಚಿಗೆ ಹೋದ ಮೇಲೆ, ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ಭಾವನ ಫೋನು ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಕಂಪೆನಿಯವರಿಗೆ ಗೊತ್ತಿಲ್ಲ, ಜೊತೆಯಲ್ಲಿದ್ದ ಊರಿನವರಿಗೂ ಗೊತ್ತಿಲ್ಲ. ನಾನು ಕಂಡಕಂಡವರ ಕಾಲು ಹಿಡಿದೆ, ಒಂದು ಸುಳಿವೂ ಸಿಗಲಿಲ್ಲ. "ಎರಡನೆಯದು ಬಂತಂತೆ, ನಂಗೆ ಯಾಕೆ ಕೊಡ್ಲಿಲ್ಲ?" ಎಂದು ಅಕ್ಕ ಕೇಳಿದಾಗಲೆಲ್ಲ ಏನಾದರೊಂದು ನೆಪ ಹೇಳುತ್ತಿದ್ದೆ. ಕಡೆಗೆ ಕಾರ್ಕಳದ ಅಂಗಡಿಯಿಂದ ತಾನೇ ಕೊಂಡು ತಂದಳು.

ವಿಷಯ ತಿಳಿದು ಓಡಿದೆ. ಅಕ್ಕ ಜಗಲಿಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದಳು. ಪುಸ್ತಕ ಓದಿ ಮುಗಿಸಿಯಾಗಿತ್ತು. ಪುಸ್ತಕದ ಮಾತು ಬಂದರೆ ತುಳು ಬಿಟ್ಟು ಕನ್ನಡಕ್ಕೆ ಬರುವುದು ಅವಳ ರೂಢಿ.

"ಲಾಯ್ಕ ಬರೆದಿದ್ದೀ," ಎಂದಳು.

ನನಗೆ ಹೋದ ಜೀವ ಬಂದಂತಾಯಿತು.

"ಜನ ಬೈತಾರಂತೆ. ನಾನು ಬೈಯುವುದಿಲ್ಲ. ಅವನು ಬರುವುದಿಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತಲ್ವಾ?"

"ಹೌದಕ್ಕ, ಶುರುವಿನಿಂದಲೂ," ಎಂದೆ, ಸ್ವಲ್ಪ ಜಂಬದಿಂದಲೇ.

ಅಕ್ಕ ಸೊಪ್ಪನ್ನು ಬದಿಗೆ ಸರಿಸಿ ನನ್ನ ಕೈ ಹಿಡಿದುಕೊಂಡಳು.

"ಹಾಗಾದರೆ ಇವರ ವಿಷಯವೂ ನಿಂಗೆ ಗೊತ್ತುಂಟು. ನಾನು ಅಳುವುದಿಲ್ಲ, ಹೇಳಿಬಿಡು ಮಾರಾಯ."

"ಅಯ್ಯೋ, ಅದು ಕಥೆ ಅಕ್ಕ! ಭಾವನ ವಿಷಯ ನಂಗೆ ಎಂತದೂ ಗೊತ್ತಿಲ್ಲ."

"ಗೊತ್ತಿಲ್ಲದೆ ಇಷ್ಟು ಸರಿಯಾಗಿ ಬರೆಯಲಿಕ್ಕೆ ಆಗ್ತದಾ?"

ದೇವರ ಮೇಲೆ ಆಣೆ ಇಟ್ಟೆ. ಅವಳು ನಂಬಲಿಲ್ಲ. ಕೈ ಬಿಡದೆ, ನಾನು ಬಾಯಿ ತೆರೆಯುವುದನ್ನೇ ಕಾಯುತ್ತ ಕುಳಿತಳು.