ಕೈಗೆ ಗುರುತು ಸಿಗುವ ಹೂವು

ಹುಟ್ಟಿದ ದಿನವೇ ಮುದುಕಿಯರಾಗುವ ಶಾಪ ಹೊತ್ತ ರಾಜಕುಮಾರಿಯರು ಒಂದಾನೊಂದು ಕಾಲದಲ್ಲಿದ್ದರಂತೆ. ಬೆಳಗ್ಗೆ ಸಿಂಗಾರ, ಸಂಜೆಗೆ ಸುಕ್ಕು. ಆ ಶಾಪ ಇನ್ನೂ ಇಳಿದಿಲ್ಲ. ಊರಂಚಿನ ಈ ನರ್ಸರಿಯ ಡೇ ಲಿಲಿ ಹೂಗಳು ಇವತ್ತಿಗೂ ಒಂದೇ ದಿನ ಬದುಕುತ್ತವೆ. ಅವುಗಳಿಗೆ ಮದುವೆ ಮಾಡಿಸುವ ಹೆಂಗಸು ಮಾತ್ರ ಕಥೆಯ ಮಾಯಾವಿಯಂತಿಲ್ಲ. ಗಂಡನ ಹಳೇ ಅಂಗಿ ತೊಟ್ಟು, ತುಟಿಯಲ್ಲಿ ಕೆಂಪು ದಾರ ಕಚ್ಚಿಕೊಂಡು, ನಸುಕಿನಲ್ಲೇ ಬೈಯುತ್ತಿದ್ದಾರೆ.

"ಮತ್ತೆ ಚಿವುಟಿ ಹಾಕಿದಾರೆ ನೋಡಿ! ಇವರ ಬೆರಳಿಗೆ ಬೇಲಿ ಹಾಕ್ಬೇಕು."

ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿ, ಗುರುತಿಗೆ ದಾರ ಕಟ್ಟುವ ಇವರು ಎಲ್ಲರಿಗೂ 'ದಾರದಮ್ಮ'. ಗಂಡ ಇದೇ ನರ್ಸರಿಯ ಮಾಲಿ. ಗಿರಾಕಿಗಳು ಬರುವ ಮೊದಲು ನಿನ್ನೆಯ ಬಾಡಿದ ಹೂ ಕಿತ್ತು ಗಿಡ ಚೊಕ್ಕ ಮಾಡುವುದು ಅವರ ಕೆಲಸ. ಆದರೆ ಕಾಯಿ ಕಟ್ಟುವುದು ಆ ಬಾಡಿದ ಹೂವಿನ ಬುಡದಲ್ಲೇ.

"ದಾರ ಕಾಣಲ್ವೇನ್ರೀ?"

"ಕಂಡ್ತು ಕಣೇ. ಅದೂ ಕಸ ಅನ್ಕೊಂಡೆ."

ಗಿರಾಕಿಗಳಿಗೆ ತಟ್ಟೆಯಂತೆ ದುಂಡಗೆ, ಮಟ್ಟಸವಾಗಿ ಅರಳುವ ಹೂ ಬೇಕು. ದಾರದಮ್ಮನ ಹಟವೇ ಬೇರೆ. ಎಸಳು ಹಗ್ಗದಂತೆ ಹೊಸೆದುಕೊಂಡು, ತುದಿಯಲ್ಲಿ ಚಮಚದಂತೆ ಅಗಲವಾಗಬೇಕು. ಎರಡೂ ಒಂದೇ ಹೂವಿನಲ್ಲಿ! ಈ ಕಸುಬು ಕಲಿಸಿದ ಅಕ್ಕ ನರ್ಸರಿಯ ಹಿಂದಿನ ಕೋಣೆಯಲ್ಲೇ ಇದ್ದಾರೆ. ಕಣ್ಣು ಪೂರ್ತಿ ಹೋಗಿದೆ. "ನಂಗಿನ್ನು ಎಲ್ಲಾ ಹೂವೂ ಒಂದೇ, ಒದ್ದೆ ಕಾಗದ ಮುಟ್ಟಿದ ಹಾಗೆ" ಎಂದು ಆಕೆ ಗಿಡಗಳ ಕಡೆ ಬರುವುದನ್ನೇ ಬಿಟ್ಟಾಗ, ಕೈಗೆ ಗುರುತು ಸಿಗುವ ಹೂವೊಂದನ್ನು ಮಾಡಿಕೊಡುತ್ತೇನೆಂದು ತಂಗಿ ಮಾತು ಕೊಟ್ಟರು.

"ಕೊಟ್ಟು ಕೆಟ್ಟೆ. ಬೀಜ ಹಾಕಿ ಹೂ ನೋಡೋಕೆ ವರ್ಷಗಟ್ಟಲೆ ಕಾಯ್ಬೇಕು. ಹೊಸೆದಿದ್ರೆ ಚಮಚ ಇಲ್ಲ, ಚಮಚ ಇದ್ರೆ ಹೊಸೆದಿಲ್ಲ. ಕರ್ಕೊಂಡು ಬಂದು ಮುಟ್ಟಿಸಿದ್ರೆ, 'ಇದು ಸುರುಳಿ ಅಲ್ಲ ಕಣೇ, ಸುಕ್ಕು' ಅಂತಾಳೆ. ದೇವರು ಕಣ್ಣು ತಗೊಂಡು ನಾಲಿಗೆ ಬಿಟ್ಟ!"

ಕೆಲವು ವರ್ಷಗಳ ಹಿಂದೆ ಗಂಡ ಕಾಲು ಉಳುಕಿಸಿಕೊಂಡು ಮಲಗಿದ್ದಾಗ, ಹೇಗೋ ಒಂದು ಕಾಯಿ ಬಲಿತಿತ್ತು. ಅದರ ಬೀಜದ ಗಿಡ ಇವತ್ತು ಮೊದಲ ಹೂ ಬಿಟ್ಟಿದೆ. ಬೇರೆ ಮೊಗ್ಗಿಲ್ಲ. ಸಂಜೆಗೆ ಇದೂ ಮುದುಡಿದರೆ ಮತ್ತೊಂದು ವರ್ಷ ಕಾಯಬೇಕು.

ಅಕ್ಕ ಹಾಸಿಗೆ ಬಿಟ್ಟು ಏಳುತ್ತಿಲ್ಲ. "ಹೋದ ಸಲಾನೂ ಹೀಗೇ ಎಬ್ಬಿಸಿದ್ದೆ. ನಾ ಬರಲ್ಲ."

"ಬರ್ತೀಯೋ, ಹೊತ್ಕೊಂಡು ಹೋಗ್ಲೋ?"

ಗೊಣಗುತ್ತ, ತಂಗಿಯ ಹೆಗಲ ಮೇಲೆ ಒಂದು ಕೈಯಿಟ್ಟು ಅಕ್ಕ ಸಾಲಿನುದ್ದಕ್ಕೂ ಬರುತ್ತಾರೆ. ಇನ್ನೊಂದು ಕೈ ಹೂವಿನಿಂದ ಹೂವಿಗೆ ದಾಟುತ್ತದೆ. "ಕಾಗದ. ಇದೂ ಕಾಗದ." ಹೊಸ ಹೂ ಎಲ್ಲಿದೆಯೆಂದು ಹೇಳಿಬಿಡಲು ಗಂಡ ಬಾಯಿ ತೆರೆಯುತ್ತಾರೆ. ದಾರದಮ್ಮ ಕಣ್ಣಲ್ಲೇ ಅವರ ಬಾಯಿ ಮುಚ್ಚಿಸುತ್ತಾರೆ.

ಕೈ ನಿಲ್ಲುತ್ತದೆ. ಬೆರಳು ಎಸಳಿನ ಬುಡದಿಂದ ಸುತ್ತಿ ಸುತ್ತಿ ಹೋಗಿ, ತುದಿಯ ಅಗಲದ ಮೇಲೆ ಕೂರುತ್ತದೆ. ಆಮೇಲೆ ಮುಂದಿನ ಎಸಳು. ಅದರ ಮುಂದಿನದು.

"ಒಂದು ಎಸಳು ಗಿಡ್ಡ ಆಯ್ತು" ಎನ್ನುತ್ತಾರೆ ಅಕ್ಕ.

ದಾರದಮ್ಮ ಹಣೆ ಚಚ್ಚಿಕೊಳ್ಳುತ್ತಾರೆ.

ಅಕ್ಕನ ಕೈ ಮಾತ್ರ ಹೂ ಬಿಡುವುದಿಲ್ಲ. "ಇದು ನಿಂದು ಕಣೇ. ಸಾವಿರದಲ್ಲಿ ಇಟ್ರೂ ಹುಡುಕ್ತೀನಿ."