ಹುಳುಮನೆಯ ಬಾಗಿಲು, ಸುತ್ತಿಗೆ ಇಲ್ಲದೆ

ನನಗೆ ಜ್ವರ ಬಂದರೆ ಅತ್ತೆ ಒಂದು ಲೋಟ ಕಷಾಯ ಕೊಟ್ಟು ಕಸ ಗುಡಿಸಲು ಕಳಿಸುತ್ತಿದ್ದರು. ರೇಷ್ಮೆಹುಳುವಿಗೆ ಜ್ವರ ಬಂದರೆ ಮಾತ್ರ ಇಡೀ ಮನೆ ಪಿಸುಗುಟ್ಟಬೇಕಿತ್ತು. ಹುಳು ಮೇಯುವುದನ್ನು ಬಿಟ್ಟು, ಪೊರೆ ಕಳಚಲು ತಲೆಯೆತ್ತಿ ಅಲುಗಾಡದೆ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಮಾಲೂರಿನ ಅಂಗಡಿಬೀದಿಯಲ್ಲಿ ಬೆಳೆದು, ಆವನಿಯ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದ ನನಗೆ ಇದೆಲ್ಲ ಹೊಸದು. ಆಗ ಯುದ್ಧದ ಕಾಲ. ವಿಮಾನದಿಂದ ಸೋಲ್ಜರುಗಳು ಧುಮುಕುವ ಕೊಡೆಗೆ ನಮ್ಮ ರೇಷ್ಮೆಯೇ ಹೋಗುತ್ತದೆಂದು ಯಾರೋ ಅತ್ತೆಯ ಕಿವಿಗೆ ಹಾಕಿದ್ದರು. ನಾನು ಸೀನಿದರೆ ಸಾಕು, "ಯಾವ ತಾಯಿ ಮಗನೋ ಮೇಲಿಂದ ಬೀಳ್ತಾನೆ ಕಣೇ" ಎಂದು ಗದರುತ್ತಿದ್ದರು, ಅದೂ ಪಿಸುಮಾತಿನಲ್ಲಿ.

ಆ ಸಲ ನಾಲ್ಕನೇ ಜ್ವರದ ಹೊತ್ತಿಗೆ ಹುಳುಮನೆಯ ಬಾಗಿಲಿನ ಕೆಳಮೂಲೆಯನ್ನು ಇಲಿ ಕಡಿದು ತೂತು ಮಾಡಿತು. ಹಿಂದಿನ ಬೆಳೆಯಲ್ಲಿ ಅರ್ಧ ಹುಳು ಇಲಿಯ ಹೊಟ್ಟೆ ಸೇರಿತ್ತು. ಇನ್ನೊಂದು ಸಲ ಹಾಗಾದರೆ ಹಿಪ್ಪುನೇರಳೆ ಕಿತ್ತು ರಾಗಿ ಬಿತ್ತುತ್ತೇನೆಂದು ಮಾವ ಹೇಳಿಬಿಟ್ಟಿದ್ದರು. ಮಾವ ಆಡಿದ್ದನ್ನು ಮಾಡುವ ಮನುಷ್ಯ. ಅತ್ತೆಗೆ ಊಟ ಸೇರದಾಯಿತು.

ರಾಯಲ್ಪಾಡಿನ ಕಡೆಯ ಬಡಗಿಯೊಬ್ಬ ನೇಗಿಲು ಕೆತ್ತಲು ಊರಿಗೆ ಬಂದಿದ್ದ. ಅವನನ್ನೇ ಕರೆಸಿದೆವು. ಅವನ ಮಾಮೂಲಿ ದನಿಯೇ ಆಚೆ ಹೊಲದವರನ್ನು ಕೂಗಿದಂತಿತ್ತು.

"ಏಮಮ್ಮಾ, ನಾಲ್ಕು ಮೊಳೆ ಹೊಡೆದ್ರೆ ಆಯ್ತಲ್ಲ!" ಎಂದ.

ಅತ್ತೆ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಹೋಗಿ ರಾಗಿಯ ಗುಡಾಣದೊಳಗೆ ಹೂತಿಟ್ಟು ಬಂದರು. "ಮೊಳೆಯೂ ಇಲ್ಲ, ಹೊಡೆಯೋದೂ ಇಲ್ಲ. ಹುಳ ಜ್ವರಕ್ಕೆ ಕೂತವೆ. ಹೊಗೆಸೊಪ್ಪಿನ ಘಾಟು ಹುಳಕ್ಕಾಗಲ್ಲ, ಉಗಿದು ಬಾಯಿ ತೊಳ್ಕೊಂಡು ಬಾ."

"ಹುಳಕ್ಕೆ ಕಿವಿ ಎಲ್ಲಿದೆ ಅಮ್ಮಾ?"

"ನಿಂಗಿದೆ ತಾನೆ? ಹೇಳಿದ್ದು ಕೇಳು."

ಪಾಪ, ಗರಗಸದ ಸದ್ದು ಕೇಳಬಾರದೆಂದು ಬಾಗಿಲು ಕಳಚಿ ಹುಲ್ಲಿನ ಬಣವೆಯ ಹಿಂದಕ್ಕೆ ಹೊತ್ತೊಯ್ದ. ಬರಿದಾದ ಚೌಕಟ್ಟಿಗೆ ನಾನು ಕಂಬಳಿ ಕಟ್ಟಿದೆ. ಅವನು ಕೆಟ್ಟ ಮೂಲೆ ಕೊಯ್ದು, ಮಾವಿನ ಹಲಗೆ ಕೂರಿಸಿ, ಬೈರಿಗೆಯಿಂದ ತೂತು ಕೊರೆದ. ಮೊಳೆಯ ಬದಲಿಗೆ ಮರದ ಬೆಣೆ ಒತ್ತಲು ಗುಂಡುಕಲ್ಲು ಬೇಕೆಂದು ಮೂಕನಂತೆ ಎರಡು ಕೈ ದುಂಡಗೆ ಮಾಡಿ ತೋರಿಸಿದ. ನಾನು ರಾಗಿಮುದ್ದೆ ತಂದುಕೊಟ್ಟೆ. ಬೇಡವೆನ್ನದೆ ತಿಂದು, ಕೈ ತೊಳೆದು, ಮತ್ತೆ ಅದೇ ಸನ್ನೆ ಮಾಡಿದ. ಎಂಥ ಹಸಿವಪ್ಪಾ ಎಂದು ಇನ್ನೊಂದು ಮುದ್ದೆ ತಂದೆ. ಕೊನೆಗೆ ಅವನೇ ಎದ್ದು ಹೋಗಿ ಕಲ್ಲು ಹುಡುಕಿ ತಂದ. ಹೀಗೆ ಅರ್ಧ ಗಂಟೆಯ ಕೆಲಸ ಒಂದು ಹಗಲು ಹಿಡಿಯಿತು.

ಸಂಜೆಗೆ ಮುಂಚೆ ಬಾಗಿಲು ಕೂತಿತು. ಇರುವೆ ನುಸುಳಲೂ ಜಾಗವಿರಲಿಲ್ಲ. ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ, ಬಡಗಿಗೆ ಜಗಲಿಯಲ್ಲಿ ಎಲೆ ಹಾಕಿ ಹಿತಕಿದ ಬೇಳೆ ಸಾರು ಬಡಿಸಿದರು. ಆಗ ಹುಳುಮನೆಯಿಂದ ಕರಕರ ಸದ್ದು ಕೇಳಿಸಿತು.

"ಜ್ವರ ಎದ್ದವೆ ಅಮ್ಮಾ, ಸೊಪ್ಪು ಮೇಯ್ತಾವೆ," ಎಂದು ಬಡಗಿ ಪಿಸುಗುಟ್ಟಿದ.

ಅತ್ತೆ ಸೌಟು ಬಿಟ್ಟು ಎದ್ದರು. "ಸೊಪ್ಪೇ ಹಾಕಿಲ್ವಲ್ಲೋ!"

ನಾನು ಕಟ್ಟಿದ ಕಂಬಳಿಯ ಸಂದಿಯಿಂದ ಇಲಿ ಒಳಗೆ ನುಗ್ಗಿತ್ತು. ಅದನ್ನು ಹುಳುಗಳ ಜೊತೆ ಕೂಡಿಹಾಕಿ ನಾವು ಭದ್ರವಾಗಿ ಬಾಗಿಲು ಮುಚ್ಚಿದ್ದೆವು.

ಬಾಗಿಲು ಬಿಗಿಯಾಗಿದ್ದರಿಂದ ಬಡಗಿಯೇ ಎಂಜಲು ಕೈಯಲ್ಲಿ ಓಡಿಬಂದು ಭುಜ ಕೊಟ್ಟು ನೂಕಿದ. ಅತ್ತೆ ಒನಕೆ ಹಿಡಿದು ನುಗ್ಗಿ, "ಅಯ್ಯಯ್ಯೋ, ಹಿಡೀರೋ! ಬಡೀರೋ!" ಎಂದು ಊರಿಗೆಲ್ಲ ಕೇಳುವಂತೆ ಕಿರುಚಿದರು. ನೆಲ ಕುಟ್ಟಿದರು, ಗೋಡೆ ಕುಟ್ಟಿದರು, ಸದ್ದು ಕೇಳಿ ಬಂದ ಮಾವನ ಕಾಲನ್ನೂ ಕುಟ್ಟಿದರು. ನಾನು ಪೊರಕೆ ಹಿಡಿದು ನಿಂತಲ್ಲೇ ಅರಚಿದೆ. ಇಲಿ ಎಲ್ಲರ ಕಾಲಡಿ ನುಸುಳಿ ಬಣವೆಯ ಕಡೆ ಓಡಿಹೋಯಿತು.

ಹುಳು ಸಾಕುವ ಬಿದಿರಿನ ತಟ್ಟೆಗಳನ್ನು ಒಂದೊಂದಾಗಿ ನೋಡಿದೆವು. ಇಲಿ ಒಂದನ್ನೂ ಮುಟ್ಟಿರಲಿಲ್ಲ. ಹೊರಗೆ ಹೋಗುವ ಅವಸರದಲ್ಲಿ ಹೊಸ ಮಾವಿನ ಹಲಗೆಯನ್ನೇ ಕಡಿದು, ಅದರ ಮೂಲೆಯನ್ನು ಮತ್ತೆ ಹಾಳುಮಾಡಿತ್ತು. ಹುಳುಗಳು ಇದ್ಯಾವುದೂ ತಮಗೆ ಸಂಬಂಧವಿಲ್ಲವೆಂಬಂತೆ ತಲೆಯೆತ್ತಿಕೊಂಡು ಕೂತಿದ್ದವು. ಮಾವ ಕಾಲು ಉಜ್ಜಿಕೊಳ್ಳುತ್ತ ಹೊರಟರು; ರಾಗಿಯ ಮಾತೆತ್ತಲಿಲ್ಲ. ಅತ್ತೆ ಮಾತ್ರ ಇಲಿಯ ವಂಶವನ್ನೆಲ್ಲ ಗಟ್ಟಿಯಾಗಿ ಬೈಯುತ್ತಲೇ ಇದ್ದರು. ಆಗ ಬಡಗಿ, ಸಾರು ಮೆತ್ತಿದ ಬೆರಳನ್ನು ತುಟಿಯ ಮೇಲಿಟ್ಟು, "ಷ್... ಮೆಲ್ಲಗಮ್ಮಾ, ಜ್ವರ" ಎಂದ.

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಸದ್ದಾಗದಂತೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅಲ್ಲಿಯವರೆಗೆ ನಾನು ಅವರಿಗೆ ಬರೀ ಹೆದರುತ್ತಿದ್ದೆ. ಅವರು ನನಗೆ ಇಷ್ಟವಾದದ್ದು ಅವತ್ತೇ. ನಗು ನಿಂತ ಮೇಲೆ ಒಳಗೆ ಹೋಗಿ, ಗುಡಾಣಕ್ಕೆ ಕೈಹಾಕಿ ಸುತ್ತಿಗೆ ತೆಗೆದು, ಅಂಟಿದ ರಾಗಿ ಕೊಡವಿ ಬಡಗಿಯ ಕೈಗಿತ್ತರು.

"ನಾಳೆ ಬಾಪ್ಪ," ಎಂದು ಪಿಸುಗುಟ್ಟಿದರು, "ಮೊಳೆ ತಗೊಂಡೇ ಬಾ."