ಬಿಸಿಲಿಗೆ ಹಾಕಿದ ಜಾಜ್

ಜಾಜ್ ಸಂಗೀತ ಕೇಳುತ್ತೇನೆ ಎಂದು ನಮ್ಮ ಕಡೆ ಬಾಯಿಬಿಟ್ಟು ಹೇಳುವುದು ಸ್ವಲ್ಪ ಕಷ್ಟ. ಕಾಫಿಗೆ ಈ ಸಲ ರೇಟು ಹೇಗೆ, ಮೆಣಸಿನ ಬಳ್ಳಿಗೆ ಸೊರಗು ಬಂತಾ ಎಂದು ಮಾತಾಡಿಕೊಳ್ಳುವವರ ನಡುವೆ ‘ನಿನ್ನೆ ಒಂದು ಒಳ್ಳೆಯ ಸ್ಯಾಕ್ಸೊಫೋನ್ ಕೇಳಿದೆ’ ಎಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಆಲ್ದೂರಿನ ಸುತ್ತಮುತ್ತ ಈ ಚಟ ಇರುವವನು ನಾನೊಬ್ಬನೇ ಎಂದುಕೊಂಡಿದ್ದೇನೆ. ಇನ್ನೊಬ್ಬ ಇದ್ದರೆ ಅವನೂ ನನ್ನ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಕೇಳುತ್ತಿರಬೇಕು.

ಚಟ ಹತ್ತಿದ್ದು ಕಳಸದಲ್ಲಿ. ಕುದುರೆಮುಖದಲ್ಲಿ ಗಣಿ ನಿಂತು ಅಲ್ಲಿದ್ದ ಸಂಸಾರಗಳು ಗಂಟುಮೂಟೆ ಕಟ್ಟಿದಾಗ, ಅವರು ಮಾರಿ ಹೋದ ಮಂಚ, ಮೇಜು, ಬೀರುಗಳೆಲ್ಲ ಸುತ್ತಲಿನ ಹಳೇ ಸಾಮಾನಿನ ಅಂಗಡಿಗಳಿಗೆ ಬಂದವು. ಅಂಥದೊಂದು ಅಂಗಡಿಗೆ ಬೀರು ನೋಡಲು ಹೋದವನ ಕಣ್ಣಿಗೆ ಮೂಲೆಯಲ್ಲಿದ್ದ ರೆಕಾರ್ಡ್ ಪ್ಲೇಯರೂ ಅದರ ಪಕ್ಕದ ರಟ್ಟಿನ ಪೆಟ್ಟಿಗೆಯೂ ಬಿದ್ದವು. ಪೆಟ್ಟಿಗೆ ತುಂಬ ಕಪ್ಪು ತಟ್ಟೆಗಳು. ಯಾವ ಎಂಜಿನಿಯರನ ಪ್ರೀತಿಯೋ ಏನೋ, ಎಲ್ಲವೂ ಜಾಜ್. ಅಂಗಡಿಯವರು ಪ್ರಾಮಾಣಿಕರು. “ಇದ್ರಲ್ಲಿ ಹಾಡೋರೇ ಇಲ್ಲ ಮಾರಾಯ್ರೆ, ಬರೀ ಊದ್ತಾರೆ. ಆಮೇಲೆ ವಾಪಸ್ ತರ್ಬೇಡಿ,” ಎಂದರು. ನಾನು ವಾಪಸ್ ಕೊಡಲಿಲ್ಲ. ಬೀರು ಎಲ್ಲಿ ಎಂದು ನನ್ನ ಹೆಂಡತಿ ವಸುಧಾ ಈಗಲೂ ಕೇಳುತ್ತಾಳೆ.

ಮೊಬೈಲಿನಲ್ಲಿ ಬೆರಳು ಒತ್ತಿದರೆ ಲೋಕದ ಹಾಡೆಲ್ಲ ಬರುವಾಗ ಈ ತಟ್ಟೆಗಳ ಉಪದ್ವ್ಯಾಪ ಯಾಕೆ ಎಂದು ನೀವೂ ಕೇಳಬಹುದು. ಲಕೋಟೆಯಿಂದ ತಟ್ಟೆಯನ್ನು ಅಂಚು ಹಿಡಿದು ತೆಗೆಯುವುದು, ಬೆಳಕಿಗೆ ಓರೆಯಾಗಿ ಹಿಡಿದು ಗೀರು ಹುಡುಕುವುದು, ಮುಳ್ಳು ಇಳಿಸಿ ಉಸಿರು ಬಿಗಿಹಿಡಿದು ಕಾಯುವುದು, ಇವೆಲ್ಲ ಸೇರಿದರೇ ನನಗೆ ಸಂಗೀತ. ಮಡಿಯುಟ್ಟವರನ್ನು ಕಂಡು ನಗುತ್ತಿದ್ದವನು ನಾನು. ಈಗ ಮುಟ್ಟಬೇಡಿ, ಕೈ ಒರೆಸಿಕೊಳ್ಳಿ, ದೂರ ನಿಲ್ಲಿ ಎಂದು ಎಲ್ಲರಿಗೂ ಹೇಳುವವನೂ ನಾನೇ. ಇನ್ನೂ ಹಳೆಯ ಕಾಲದ ತಟ್ಟೆಗಳನ್ನು ಅರಗು ಬೆರೆಸಿ ಮಾಡುತ್ತಿದ್ದರಂತೆ, ಅಕ್ಕಸಾಲಿಗರು ಪೊಳ್ಳು ಬಳೆಯೊಳಗೆ ತುಂಬುವ ಅದೇ ಅರಗು. ನನ್ನವು ಅಷ್ಟು ಹಳೆಯವಲ್ಲ, ವಿನೈಲಿನವು. ಆದರೆ ಎರಡಕ್ಕೂ ಬಿಸಿಯೆಂದರೆ ಆಗದು. ಇದು ನನಗೆ ಗೊತ್ತಿತ್ತು. ಮನೆಯವರಿಗೆಲ್ಲ ಮುಟ್ಟಬೇಡಿ ಎಂದು ಹೇಳಿದ್ದೆನೇ ಹೊರತು ಯಾಕೆ ಎಂದು ವಿವರಿಸಿರಲಿಲ್ಲ.

ಜಾಜ್‌ನ ಬೇರು ಹುಡುಕುತ್ತ ಹೋದರೆ ಅಮೆರಿಕದ ಹತ್ತಿ, ಕಬ್ಬಿನ ತೋಟಗಳಲ್ಲಿ ಬೆನ್ನು ಬಗ್ಗಿಸಿ ದುಡಿದ ಕಪ್ಪು ಜನರ ಹಾಡು ಸಿಗುತ್ತದೆ ಎನ್ನುತ್ತಾರೆ. ತೋಟದಲ್ಲಿ ಹುಟ್ಟಿದ್ದು ನಮ್ಮ ಕಾಫಿ ತೋಟಕ್ಕೇ ಬಂದು ಸೇರಿತು ಎಂದು ನಾನೊಮ್ಮೆ ದೊಡ್ಡ ಪಂಡಿತನಂತೆ ವಸುಧಾಳಿಗೆ ಹೇಳಿದೆ. “ಹಾಗಾದ್ರೆ ತೋಟದಲ್ಲೇ ಕೂತು ಕೇಳಿ, ನಂಗೆ ಪೇಪರ್ ತಿದ್ದೋದಿದೆ,” ಎಂದಳು. ಅವಳು ಆಲ್ದೂರಿನ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ.

ಹೀಗಾಗಿ ಹಗಲಿನಲ್ಲಿ ಮನೆಯಲ್ಲಿ ಉಳಿಯುವವರು ನಾನು ಮತ್ತು ವಸುಧಾಳ ಅಮ್ಮ, ಅಂದರೆ ನನ್ನ ಅತ್ತೆ. ಮಾವ ತೀರಿಕೊಂಡ ಮೇಲೆ ಅವರನ್ನು ಕಳಸದ ಮನೆಯಿಂದ ನಾವೇ ಕರೆದುಕೊಂಡು ಬಂದೆವು. ಬಂದರೇನೋ ನಿಜ, ಆದರೆ ಸೇರಲಿಲ್ಲ. ಅಳಿಯನ ಎದುರು ಅತ್ತೆ ಕುರ್ಚಿಯಲ್ಲಿ ಕೂರಬಾರದು, ನೇರವಾಗಿ ಮಾತಾಡಬಾರದು ಎಂಬ ಹಳೆಯ ಪದ್ಧತಿಯಲ್ಲಿ ಬೆಳೆದವರು ಅವರು. ಅಡುಗೆಮನೆಯ ಬಾಗಿಲ ಹಿಂದೆ ನಿಂತು, “ವಸೂ, ಅವ್ರಿಗೆ ಇನ್ನೊಂದು ದೋಸೆ ಬೇಕಾ ಕೇಳು,” ಎನ್ನುವರು. ದೋಸೆ ತಿನ್ನುತ್ತ ನಾನು ಕೂತಿದ್ದದ್ದು ಎರಡು ಮಾರು ದೂರದಲ್ಲಿ. ವಸುಧಾ ಶಾಲೆಗೆ ಹೋದ ಮೇಲೆ ಕೇಳಲು ಯಾರೂ ಇಲ್ಲದ್ದರಿಂದ ನಮ್ಮ ಮನೆಯ ಮಧ್ಯಾಹ್ನಗಳು ಮೌನವಾಗಿರುತ್ತಿದ್ದವು. ಯಾರದೋ ಮನೆಗೆ ಬಂದು ಬಸ್ಸಿಗೆ ಕಾಯುತ್ತಿರುವವರ ಹಾಗೆ ಅವರು ಇರುವುದು ನೋಡಿ ನನಗೆ ಸಂಕಟವಾಗುತ್ತಿತ್ತು.

ಒಂದು ಮಧ್ಯಾಹ್ನ ಕ್ಲಾರಿನೆಟ್ಟಿನ ತಟ್ಟೆಯೊಂದನ್ನು ಹಾಕಿದ್ದೆ. ತುಂಬ ನಿಧಾನದ್ದು. ಊದುವವನಿಗೆ ಎಲ್ಲಿಗೂ ಹೋಗಬೇಕಾದ ಅವಸರವಿಲ್ಲ. ಮುಗಿದ ಮೇಲೆ ಬಾಗಿಲ ಹಿಂದಿನಿಂದ, ಯಾರನ್ನೂ ಉದ್ದೇಶಿಸದೆ, ಒಂದು ಮಾತು ಬಂತು: “ಪಾಪ, ಯಾರನ್ನೋ ನೆನಸ್ಕಂಡು ಊದ್ತಾ ಇದ್ದಾನೆ.”

ಮರುದಿನವೂ ಅದನ್ನೇ ಹಾಕಿದೆ. ಅತ್ತೆ ಹೊಸ್ತಿಲಿಗೆ ಬಂದರು. ಆಮೇಲೆ ಮಣೆ ಹಾಕಿಕೊಂಡು ಗೋಡೆಗೆ ಒರಗಿ ಕೂತರು, ಬೀನ್ಸ್ ನಾರು ತೆಗೆಯುವ ನೆಪದಲ್ಲಿ. ಮಳೆಗಾಲ ಪೂರ್ತಿ ಹೀಗೆ ಕಳೆಯಿತು. ಹುಡುಗಿಯಾಗಿದ್ದಾಗ ದೇವರನಾಮ ಕಲಿತಿದ್ದರಂತೆ, ಮದುವೆಯಾದ ಮೇಲೆ ನಿಂತಿತಂತೆ. ಇದನ್ನು ಅವರು ನನಗೇ ಹೇಳಿದರು, ನೇರವಾಗಿ, ವಸುಧಾಳ ಮೂಲಕವಲ್ಲ. ತಟ್ಟೆಯನ್ನು ಮಗುಚಿ ಹಾಕುವುದು ಯಾಕೆ ಎಂದು ಕೇಳಿದರು. ಎರಡೂ ಕಡೆ ಹಾಡು ಇರುತ್ತದೆ ಎಂದೆ. ಮಳೆ ಇನ್ನೇನು ಬಿಡುವ ಹೊತ್ತಿಗೆ, ನಾನು ಎಷ್ಟನೆಯ ಸಲವೋ ಹೇಳಿದ ಮೇಲೆ, ಕುರ್ಚಿಯ ತುದಿಯಲ್ಲಿ ಕೂತರು. ನಾನು ನೋಡಿಯೂ ನೋಡದವನ ಹಾಗೆ ಮುಳ್ಳಿನ ಧೂಳು ಒರೆಸಿದೆ.

ಮಳೆ ಬಿಟ್ಟು ಮೊದಲ ಗಟ್ಟಿ ಬಿಸಿಲು ಬಿದ್ದ ದಿನ ನಮ್ಮ ಮಲೆನಾಡಿನ ಹೆಂಗಸರನ್ನು ಹಿಡಿದು ನಿಲ್ಲಿಸುವವರಿಲ್ಲ. ಕಾಫಿ ಕೊಯ್ಲಿಗೆ ಇನ್ನೂ ಸಮಯವಿರುವುದರಿಂದ ಒಣಗಿಸುವ ಕಣ ಖಾಲಿ. ಹಾಸಿಗೆ, ಕಂಬಳಿ, ಟ್ರಂಕಿನ ಸೀರೆ, ಹಪ್ಪಳದ ಡಬ್ಬ, ಮಕ್ಕಳ ಸರ್ಟಿಫಿಕೇಟು ಎಲ್ಲವೂ ಬಂದು ಸಿಮೆಂಟಿನ ಮೇಲೆ ಮಲಗುತ್ತವೆ. ಬೂಷ್ಟು ಹಿಡಿದ ಎಲ್ಲಕ್ಕೂ ಇಲ್ಲಿ ಒಂದೇ ಮದ್ದು. ಗಂಡಂದಿರನ್ನೂ ವರ್ಷಕ್ಕೊಮ್ಮೆ ಹಾಕಬೇಕು ಎಂಬುದು ವಸುಧಾಳ ಅಭಿಪ್ರಾಯ. ಆ ವರ್ಷ ನನ್ನ ತಟ್ಟೆಗಳಿಗೂ ಬಿಳಿ ಬೂಷ್ಟು ಹಿಡಿದಿತ್ತು. ನಾನು ಅದನ್ನು ಹೇಳಿಕೊಂಡು ಗೊಣಗಿದ್ದು ಅತ್ತೆಯ ಕಿವಿಗೆ ಬಿದ್ದಿತ್ತು.

ಆ ದಿನ ನಾನು ಗೊಬ್ಬರ ತರಲು ಮೂಡಿಗೆರೆಗೆ ಹೋಗಿದ್ದೆ. ವಾಪಸ್ ಬಂದು ಜೀಪು ಇಳಿದಾಗ ಕಣದಲ್ಲಿ ನನ್ನ ತಟ್ಟೆಗಳು ಸಾಲಾಗಿ ಮಲಗಿದ್ದವು. ಒಂದಕ್ಕೊಂದು ತಾಗದ ಹಾಗೆ, ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಹರವುವ ಅಚ್ಚುಕಟ್ಟಿನಲ್ಲಿ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದರು. ಅಷ್ಟು ಗೆಲುವಾದ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಬೂಷ್ಟು ಹಿಡಿದಿತ್ತಲ್ಲ, ಬಿಸ್ಲಿಗೆ ಹಾಕ್ದೆ. ಮಧ್ಯಾಹ್ನ ಒಂದ್ಸಲ ಮಗುಚೂ ಹಾಕ್ದೆ. ಎರಡೂ ಕಡೆ ಹಾಡು ಇರ್ತದೆ ಅಂತ ನೀವೇ ಹೇಳಿದ್ರಲ್ಲ.”

ಹಲವು ತಟ್ಟೆಗಳು ಪಲ್ಯ ಬಡಿಸಬಹುದಾದಷ್ಟು ತಗ್ಗಾಗಿದ್ದವು. ಕೆಲವು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಅಂಚು ಎತ್ತಿದ್ದವು. ಹಾಸಿಗೆಯ ನೆರಳು ಅರ್ಧ ಬಿದ್ದಿದ್ದರಿಂದ ಕ್ಲಾರಿನೆಟ್ಟಿನದು ಮಾತ್ರ ಒಂದು ಕಡೆ ಸೊಟ್ಟಗಾಗಿ ಉಳಿದುಕೊಂಡಿತ್ತು. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಲ್ಲಿ ಬಂದದ್ದು, “ಒಳ್ಳೇದಾಯ್ತು ಅತ್ತೆ, ಬೂಷ್ಟು ಪೂರ್ತಿ ಹೋಗಿದೆ,” ಎಂದು. ಅದು ನಿಜವೂ ಆಗಿತ್ತು.

ಸಂಜೆ ವಸುಧಾ ಸೊಟ್ಟ ತಟ್ಟೆಯೊಂದನ್ನು ಹಿಡಿದು ಮೊದಲು ನಕ್ಕಳು, ಆಮೇಲೆ ಅವಳ ಮುಖ ಸಣ್ಣಗಾಯಿತು. “ಅಮ್ಮನ ಹತ್ರ ಹೇಳ್ಬೇಡಿ ಮಾರಾಯ್ರೆ. ಗೊತ್ತಾದ್ರೆ ಅವ್ಳು ಮತ್ತೆ ಬಾಗ್ಲ ಹಿಂದೆ ಹೋಗಿ ನಿಂತ್ಕೊಳ್ತಾಳೆ. ಇನ್ನು ಈಚೆ ಬರೋದಿಲ್ಲ,” ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ತಟ್ಟೆ ಇನ್ನೊಂದು ಸಿಗಬಹುದು, ಒಂದು ಇಡೀ ಮಳೆಗಾಲ ಹಿಡಿದು ಹೊಸ್ತಿಲು ದಾಟಿ ಬಂದ ಮನುಷ್ಯರನ್ನು ಇನ್ನೊಮ್ಮೆ ಎಲ್ಲಿಂದ ಕರೆತರುವುದು?

ತಗ್ಗಾದ ತಟ್ಟೆಗಳನ್ನು, ಭಾರಕ್ಕೆ ಮತ್ತೆ ಚಪ್ಪಟೆಯಾಗಲಿ ಎಂದು, ಗುಟ್ಟಾಗಿ ಸ್ಟೋರಿನಲ್ಲಿ ಗೊಬ್ಬರದ ಮೂಟೆಯ ಅಡಿಗೆ ಇಟ್ಟೆ. ಅವು ಕೆಲವು ವಾರಗಳ ಮೇಲೆ ಇನ್ನೊಂದು ಕಡೆಗೆ ಸೊಟ್ಟಗಾಗಿ ಹೊರಬಂದವು. ಉಳಿದದ್ದು ಕ್ಲಾರಿನೆಟ್ಟು. ಮುಳ್ಳು ಹಾರದಿರಲೆಂದು ಅದರ ತಲೆಯ ಮೇಲೆ ಒಂದು ನಾಣ್ಯ ಅಂಟಿಸಿ ಹಾಕಿದೆ. ಚಾರ್ಮಾಡಿ ಘಾಟಿಯ ಬಸ್ಸಿನ ಹಾಗೆ ಮುಳ್ಳು ಏರಿ ಇಳಿದು ಓಡಿತು. ಸ್ವರವೂ ಅದರ ಜೊತೆಗೇ ಓಲಾಡಿತು. ಅತ್ತೆ ತಲೆ ಎತ್ತಿದರು.

“ಸ್ವರ ಸ್ವಲ್ಪ ಅಲ್ಲಾಡ್ತದಲ್ಲ?”

“ಅದು ಗಮಕ, ಅತ್ತೆ. ಇವರಲ್ಲೂ ಗಮಕ ಉಂಟು. ಮೊದಲು ಬೂಷ್ಟು ಇತ್ತಲ್ಲ, ಕೇಳ್ತಿರ್ಲಿಲ್ಲ,” ಎಂದೆ. ಅತ್ತೆ “ಹೌದಾ” ಎಂದು ಮತ್ತೆ ಬೀನ್ಸಿಗೆ ತಲೆ ಬಗ್ಗಿಸಿದರು. ಜಾಜ್ ಬಗ್ಗೆ ಇಂಥ ಅಪ್ಪಟ ಸುಳ್ಳನ್ನು ಇಷ್ಟು ಪಾಂಡಿತ್ಯದಿಂದ ಬೇರೆ ಯಾರೂ ಹೇಳಿರಲಾರರು. ಅಂದಿನಿಂದ ದಿನಾ ಮಧ್ಯಾಹ್ನ ಅದೇ ತಟ್ಟೆ, ಅದೇ ಗಮಕ. ನನಗೆ ಮಾತ್ರ ಆ ಸೊಟ್ಟ ಸ್ವರ ಬಂದಾಗಲೆಲ್ಲ ಕಸಿವಿಸಿಯಾಗುತ್ತಿತ್ತು.

ಬೆಂಗಳೂರಿನಲ್ಲಿ ಹಳೇ ರೆಕಾರ್ಡ್ ಮಾರುವ ಪರಿಚಯದವರೊಬ್ಬರಿಗೆ ಹೇಳಿಟ್ಟಿದ್ದೆ. ಮೊನ್ನೆ ಅದೇ ಕ್ಲಾರಿನೆಟ್ಟಿನ ಇನ್ನೊಂದು ತಟ್ಟೆ ಸಿಕ್ಕಿತೆಂದು ಕಳಿಸಿದರು. ಗೀರಿಲ್ಲ, ಡೊಂಕಿಲ್ಲ, ನೀರಿನ ಹಾಗೆ ಸಮತಟ್ಟು. ಅತ್ತೆಗೆ ಏನೂ ಹೇಳದೆ ಹಳೆಯದರ ಜಾಗದಲ್ಲಿ ಅದನ್ನು ಹಾಕಿ, ಎಂದಿನಂತೆ ಕೂತೆ. ಸ್ವರ ಎಷ್ಟು ನೇರವಾಗಿ ಬಂತೆಂದರೆ ನನಗೆ ಮೈ ಜುಮ್ಮೆಂದಿತು. ಅತ್ತೆ ಒಂದು ಬದಿ ಮುಗಿಯುವವರೆಗೂ ಕೇಳಿದರು.

“ಇದು ಚೆನ್ನಾಗಿದೆ,” ಎಂದರು ಆಮೇಲೆ. “ಆದ್ರೆ ನಾನು ಕೆಡಿಸಿದ್ದನ್ನೇ ಹಾಕಿ.”

ನಾನು ಮುಳ್ಳು ಎತ್ತಿಟ್ಟು ಅವರ ಕಡೆ ತಿರುಗಿದೆ.

“ಗಮಕ ಯಾವ್ದು, ಡೊಂಕು ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಆವತ್ತು ನಾನು ಮಗುಚಿ ಹಾಕ್ದೆ ಅಂದಾಗ ನಿಮ್ಮ ಮುಖ ನೋಡೇ ತಿಳೀತು. ಈಗ ಬೈತಾರೆ, ಬೈದ್ರೆ ನಾಳೆನೇ ಕಳಸಕ್ಕೆ ಹೋಗಿಬಿಡ್ಬೇಕು ಅಂದ್ಕಂಡೆ. ನೀವು ಬೈಲಿಲ್ಲ. ಅದಕ್ಕೇ ಇಲ್ಲಿ ಕೂತಿದ್ದೀನಿ.”

ನಾನು ಅವರ ಮನಸ್ಸನ್ನು ಕಾಪಾಡುತ್ತಿದ್ದೇನೆ ಎಂದು ಇಷ್ಟು ದಿನ ಒಳಗೊಳಗೇ ಬೀಗುತ್ತಿದ್ದೆ. ಅವರು ನನ್ನ ಸುಳ್ಳನ್ನು ಅದಕ್ಕಿಂತ ಜೋಪಾನವಾಗಿ ಕಾಪಾಡಿದ್ದರು. ಹೊಸ ತಟ್ಟೆಯನ್ನು ಲಕೋಟೆಗೆ ಸೇರಿಸಿ ಸೊಟ್ಟದ್ದನ್ನು ಹಾಕಿದೆ. ಅದು ಎಂದಿನಂತೆ ಏರಿತು, ಇಳಿಯಿತು, ಓಲಾಡಿತು. ಆಶ್ಚರ್ಯವೆಂದರೆ, ಆ ದಿನ ನನಗೆ ಕಸಿವಿಸಿಯಾಗಲಿಲ್ಲ.

ಅತ್ತೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದರು. “ಇವತ್ತು ಏಳೋಕೆ ಮನಸ್ಸೇ ಇಲ್ಲ. ಕಾಫಿ ಮಾಡ್ಕಂಡು ಬರ್ತೀರಾ?” ಎಂದರು.

ಅಳಿಯನಿಗೆ ಕಾಫಿ ಮಾಡಲು ಹೇಳಿದ ಅತ್ತೆಯನ್ನು ನಮ್ಮ ಕಡೆ ನಾನು ಇನ್ನೂ ಕಂಡಿರಲಿಲ್ಲ. ಎದ್ದು ಹೋಗಿ ಹಾಲು ಒಲೆಯ ಮೇಲಿಟ್ಟೆ. ಕಣ್ಣು ಮಂಜಾಗಿ ಡಬ್ಬಗಳು ಸರಿಯಾಗಿ ಕಾಣದೆ ತಡಕಾಡುತ್ತಿದ್ದಾಗ, ನಡುಮನೆಯಿಂದ ಕ್ಲಾರಿನೆಟ್ಟನ್ನೂ ಮೀರಿಸಿ ಒಂದು ದನಿ ಬಂತು: “ನಂಗೆ ಸಕ್ಕರೆ ಕಮ್ಮಿ!”